ಕೆಂಪು ಚೌಕಗಳ ಮೇಲೆ ನಾನು ಬರೆದದ್ದು

ಕಳೆದ ಭಾನುವಾರ ನೀವಿಬ್ಬರೂ ನನ್ನ ಟ್ರಂಕು ಕೆದಕಿ ಒಂದು ಕಾಗದ ಹೊರತೆಗೆದಿರಿ. ತುಂಬ ಕೆಂಪು ಚೌಕಗಳಿದ್ದ ಕಾಗದ. ತಲೆಯ ಮೇಲೆ ನಿಮ್ಮಕ್ಕನ ಹೆಸರು ಇಂಗ್ಲಿಷಿನಲ್ಲಿ, ಚೌಕಗಳ ಮೇಲೆ ಅಡ್ಡಡ್ಡವಾಗಿ ನನ್ನ ಕೈಬರಹ ಕನ್ನಡದಲ್ಲಿ. ಒಬ್ಬರ ಹೆಗಲ ಮೇಲೆ ಒಬ್ಬರು ಬಾಗಿ ಅಕ್ಷರ ಕೂಡಿಸಿ ಓದತೊಡಗಿದಿರಿ. ಎರಡನೇ ಸಾಲಿಗೆ ಬರುವಷ್ಟರಲ್ಲಿ ನಾನು ಕಸಿದುಕೊಂಡೆ.

"ಯಾರ ಮ್ಯಾಲ ಸಿಟ್ಟಾಗಿ ಬರದೀ ಅಜ್ಜಿ?" ಎಂದು ಕೇಳಿದಿರಿ.

"ನನ್ನ ಮ್ಯಾಲ" ಅಂದೆ. ನೀವು ನಕ್ಕಿರಿ. ಅದು ಅರ್ಧ ನಿಜ.

ಉಳಿದ ಅರ್ಧವನ್ನು ಬಾಯಿಂದ ಹೇಳುವುದು ನನಗೆ ಆಗದ ಕೆಲಸ. ನಾಲ್ಕು ಜನ ಕೂತಲ್ಲಿ ನನ್ನ ದನಿ ಗಂಟಲಲ್ಲೇ ಉಳಿದುಬಿಡುತ್ತದೆ, ಈ ವಯಸ್ಸಿನಲ್ಲೂ. ಬರೆಯುವುದಾದರೆ ಹಾಗಲ್ಲ. ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು ನಾನು. ಮಾಸ್ತರರು ದಿನಾ ಒಂದು ಪುಟ ಶುದ್ಧಬರಹ ಬರೆಸುತ್ತಿದ್ದರು. ಅಕ್ಷರ ದುಂಡಗಿದೆ ಎಂದು ನನ್ನ ಪುಟವನ್ನು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು, ನಾನು ಬೆಂಚಿನ ಕೆಳಗೆ ಮುಖ ಅಡಗಿಸುತ್ತಿದ್ದೆ. ಆ ದುಂಡಗಿನ ಅಕ್ಷರ ನನ್ನ ಜೀವನದಲ್ಲಿ ಒಂದೇ ಒಂದು ಸಲ ಜಗಳಕ್ಕೆ ಉಪಯೋಗವಾಯಿತು. ಆ ಜಗಳದ ಕಾಗದವೇ ನಿಮಗೆ ಸಿಕ್ಕದ್ದು.

ನಿಮ್ಮ ತಾತ ತೀರಿಕೊಂಡ ಮರುವರ್ಷ ನಿಮ್ಮಕ್ಕ ಹುಟ್ಟಿದಳು. ನಾನು ಹಳ್ಳಿ ಬಿಟ್ಟು ಹೈದರಾಬಾದಿಗೆ, ನಿಮ್ಮ ಅವ್ವನ ಬಾಣಂತನಕ್ಕೆಂದು ಬಂದವಳು ಇಲ್ಲೇ ಉಳಿದೆ. ತೊಟ್ಟಿಲಿಗೆ ಹಾಕುವ ದಿನ ಹಿಮಾಯತ್‌ನಗರದ ಈ ಎರಡು ಕೋಣೆಯ ಮನೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ನಾನು ಹಿಂದೆ ಗೋಡೆಗೆ ಅಂಟಿ ನಿಂತಿದ್ದವಳು ಆಸೆ ತಡೆಯಲಾರದೆ ಒಂದು ಹೆಜ್ಜೆ ಮುಂದೆ ಬಂದು ಬಾಗಿ ನೋಡಿದೆ. "ಭಾಳ ಲಕ್ಷಣ ಐತಿ ಕೂಸು" ಅಂದೆ. ಅಷ್ಟೇ. ನಿಮ್ಮ ಅಪ್ಪನ ಕಡೆಯ ಹಿರಿಯ ಹೆಂಗಸೊಬ್ಬಳು ತೊಟ್ಟಿಲಿಗೆ ಅಡ್ಡ ಕೈ ಇಟ್ಟು, "ನೀ ಸುಮ್ಮನಿರವ್ವ. ನಿನ್ನ ಬಾಯಿ ಬ್ಯಾಡ ಕೂಸಿನ ಮ್ಯಾಲ" ಅಂದಳು. ಗಂಡ ಸತ್ತವಳ ಬಾಯಿ, ಗಂಡ ಸತ್ತವಳ ಕಣ್ಣು. ನಾನು ಮತ್ತೆ ಗೋಡೆಗೆ ಹೋಗಿ ನಿಂತೆ.

ನಿಮ್ಮಕ್ಕ ವರ್ಷ ತುಂಬಿದರೂ ಕೂಡಲಿಲ್ಲ. ಎರಡು ತುಂಬಿದರೂ ನಡೆಯಲಿಲ್ಲ. ಮಾತು ಬರಲಿಲ್ಲ. ಹುಟ್ಟುವಾಗಲೇ ಮಿದುಳಿಗೆ ಉಸಿರು ಸಾಲದಾಗಿತ್ತು, ಬೆಳವಣಿಗೆ ನಿಧಾನ ಇರುತ್ತದೆ ಎಂದು ಡಾಕ್ಟರು ಬೇಗಂಪೇಟೆಯ ಆಸ್ಪತ್ರೆಯಲ್ಲಿ ಚಿತ್ರ ಬರೆದು ತಿಳಿಸಿದರು. ನಿಮ್ಮ ಅವ್ವನಿಗೆ ಅರ್ಥವಾಯಿತು. ನನಗೂ ಅರ್ಥವಾಯಿತು. ಆದರೆ ನನ್ನ ಹೊಟ್ಟೆಯೊಳಗೆ ಬೇರೆ ಒಂದು ಮಾತು ಕೂತಿತ್ತು. ಇದು ನನ್ನ ಬಾಯಿಂದ ಆದದ್ದು, ತೊಟ್ಟಿಲ ಹತ್ತಿರ ನಾನು ಹೊಗಳಿದ್ದರಿಂದ ಆದದ್ದು ಎಂದು. ಯಾರಿಗೂ ಹೇಳಲಿಲ್ಲ. ಅಂದಿನಿಂದ ಆ ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ನನ್ನ ತುಟಿ ದಾಟಲಿಲ್ಲ.

ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಮಾಡಿದ ತಪ್ಪು ಇದರಿಂದಲೇ ಹುಟ್ಟಿದ್ದು.

ನಿಮ್ಮಕ್ಕನಿಗೆ ಆರು ವರ್ಷವಾದಾಗ ಎರಡು ಗಲ್ಲಿ ಆಚೆಗಿದ್ದ, ಇಂಥ ಮಕ್ಕಳದೇ ಒಂದು ಶಾಲೆಗೆ ಸೇರಿಸಿದರು. ಹಳೆಯ ಮನೆಯೊಂದರ ಕೆಳಗಿನ ಅಂತಸ್ತು. ಮುಂದೆ ವರಾಂಡ, ಒಳಗೆ ಮೂರು ತರಗತಿ, ಹಿಂದೆ ಒಂದು ಕೋಣೆ. ನಿಮ್ಮ ಅವ್ವ ಆಗ ಮಾದಾಪುರದ ಒಂದು ಕಂಪನಿಯಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಬಂದವರನ್ನು ವಿಚಾರಿಸುವ ಕೆಲಸಕ್ಕೆ ಸೇರಿದ್ದಳು. ಬಂಡೆ ಸಿಡಿಸಿ ಗಾಜಿನ ಕಟ್ಟಡ ಕಟ್ಟುತ್ತಿದ್ದ ದಿನಗಳು ಅವು. ಸಂಜೆ ಬಂದರೆ ಅವಳ ತಲೆಗೂದಲಲ್ಲಿ ಕಲ್ಲಿನ ಪುಡಿ ಇರುತ್ತಿತ್ತು. ನಿಮ್ಮ ಅಪ್ಪ ಬಟ್ಟೆ ಅಂಗಡಿಯಲ್ಲಿ ಮುಂಜಾನೆ ನಿಂತರೆ ರಾತ್ರಿ ಊಟಕ್ಕೆ ಬರುವುದು. ಹಾಗಾಗಿ ಮಗುವನ್ನು ಕರೆದೊಯ್ದು, ಮಧ್ಯಾಹ್ನದವರೆಗೆ ವರಾಂಡದಲ್ಲಿ ಕಾದು, ಮನೆಗೆ ತರುವುದು ನನ್ನ ಕೆಲಸ. ನನ್ನ ಹಾಗೇ ಕಾಯುವ ಮುದುಕಿಯರು ಇನ್ನೂ ಏಳೆಂಟು ಜನ ಇದ್ದರು. ವರಂಗಲ್ ಕಡೆಯ ಒಬ್ಬ ಅಮ್ಮಮ್ಮ, ಎಲೆ ಅಡಿಕೆ ಚೀಲ ಬಿಟ್ಟು ಕೂತವಳೇ ಅಲ್ಲ. ಹಳೇ ಶಹರದಿಂದ ಆಟೋದಲ್ಲಿ ಮೊಮ್ಮಗನನ್ನು ತರುತ್ತಿದ್ದ ಒಬ್ಬ ನಾನಿ, ಬುರ್ಖಾದ ಮುಖಪರದೆ ಎತ್ತಿದರೆ ಬಾಯಿ ತುಂಬ ನಗು.

ಆ ಶಾಲೆಗೆ ಕಂಪ್ಯೂಟರ್ ಬಂತು. ತಂದವಳು ಮೈಸೂರು ಕಡೆಯ ಒಬ್ಬ ಹುಡುಗಿ, ಮಾದಾಪುರದಲ್ಲಿ ಇಂಜಿನಿಯರ್. ಶನಿವಾರ ರಜೆಯ ದಿನ ಸ್ಕೂಟಿಯ ಮೇಲೆ ಬಂದು ಸಂಬಳ ತೆಗೆದುಕೊಳ್ಳದೆ ಕೆಲಸ ಮಾಡಿಕೊಡುತ್ತಿದ್ದಳು. ಪ್ರತಿ ಮಗು ಏನು ಕಲಿತಿದೆ, ಎಷ್ಟು ಮುಂದೆ ಬಂದಿದೆ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಅನ್ನು ಅವಳೇ ಬರೆದಿದ್ದಳಂತೆ. ನಾನು ಕನ್ನಡದವಳೆಂದು ತಿಳಿದ ದಿನ ಬಂದು ನನ್ನ ಪಕ್ಕ ವರಾಂಡದ ನೆಲಕ್ಕೇ ಕೂತಳು.

"ಅಜ್ಜಿ, ನೀವು ಯಾವ ಕಡೆಯವರು? ನಿಮ್ಮ ಮಾತು ಕೇಳಕ್ಕೆ ಎಷ್ಟು ಚೆನ್ನಾಗಿದೆ."

"ನಿಂದೂ ಕನ್ನಡನ ಏನವ್ವ? ಹಾಡಿಧಂಗ ಮಾತಾಡ್ತಿ" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು.

ಅವಳು ಒಳಗೆ ಕರೆದು ತೋರಿಸಿದಳು. ಪರದೆಯ ಮೇಲೆ ಒಂದೊಂದು ಮಗುವಿಗೆ ಒಂದೊಂದು ಪುಟ. ಪುಟದ ತುಂಬ ಪ್ರಶ್ನೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತದೆಯೇ, ಬಾಯಾರಿದರೆ ತಿಳಿಸುತ್ತದೆಯೇ, ಚಪ್ಪಲಿ ಸರಿಯಾದ ಕಾಲಿಗೆ ಹಾಕುತ್ತದೆಯೇ. ತಾನಾಗಿ ಮಾಡಿದರೆ ಚೌಕ ಹಸಿರು. ಹೇಳಿದರೆ ಮಾಡುವುದಾದರೆ ಹಳದಿ. ಕೈ ಹಿಡಿದೇ ಮಾಡಿಸಬೇಕಾದರೆ ಕೆಂಪು. ಅರ್ಧ ಚೌಕಗಳನ್ನು ತರಗತಿಯ ಟೀಚರಮ್ಮ ತುಂಬುವುದು. ಉಳಿದ ಅರ್ಧ ಮನೆಯ ಸಂಗತಿ, ಅದನ್ನು ಶನಿವಾರ ಮನೆಯವರನ್ನು ಕೇಳಿ ತುಂಬುವುದು. ಟರ್ಮಿಗೊಮ್ಮೆ ಎಲ್ಲ ಸೇರಿ ಒಂದು ಗೆರೆ ಆಗುತ್ತದೆ. ಮಗು ಮುಂದೆ ಹೋದರೆ ಗೆರೆ ಮೇಲೆ ಹೋಗುತ್ತದೆ.

ನನಗೆ ಅದು ಇಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ನಮ್ಮ ಹುಡುಗಿಯಂಥವರ ಒಂದು ಗುಂಡಿಯನ್ನು ಇಷ್ಟು ಮರ್ಯಾದೆಯಿಂದ ಯಾರಾದರೂ ಬರೆದಿಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ಆದರೆ ಶನಿವಾರ ಬಂತು. ಟೀಚರಮ್ಮ ಕಂಪ್ಯೂಟರ್ ಮುಂದೆ ಕೂತು ತೆಲುಗಿನಲ್ಲಿ ಕೇಳಿದರು, ಮನೆಯಲ್ಲಿ ಗುಂಡಿ ಹಾಕಿಕೊಳ್ಳುತ್ತಾಳಾ ಎಂದು.

"ಲೇದಮ್ಮಾ" ಅಂದೆ. ಇಲ್ಲಮ್ಮಾ.

ತಾನೇ ಉಣ್ಣುತ್ತಾಳಾ? ಲೇದಮ್ಮಾ. ಬಾಯಾರಿದರೆ ಹೇಳುತ್ತಾಳಾ? ಲೇದು.

ಮೊದಲ ಕೆಲವು ವಾರ ಅದು ನಿಜವೇ ಆಗಿತ್ತು. ಆಮೇಲೆ ಆಗಿರಲಿಲ್ಲ. ಒಂದು ದಿನ ಸಂಜೆ ನಾನು ಅಕ್ಕಿ ಆರಿಸುತ್ತಿದ್ದೆ. ಟಣ್ ಟಣ್ ಎಂದು ಸದ್ದಾಯಿತು. ತಿರುಗಿದರೆ ನಿಮ್ಮಕ್ಕ ಸ್ಟೀಲಿನ ಲೋಟ ಹಿಡಿದು ನೀರಿನ ಕೊಡಕ್ಕೆ ಬಡಿಯುತ್ತಾ ನನ್ನನ್ನೇ ನೋಡುತ್ತಿದ್ದಾಳೆ. ನಾನು ನೀರು ಕೊಟ್ಟೆ. ಗಟಗಟ ಕುಡಿದಳು. ಮರುದಿನವೂ ಬಡಿದಳು. ಅದರ ಮುಂದಿನ ತಿಂಗಳು ಅಂಗಿಯ ಕೆಳಗಿನ ಎರಡು ಗುಂಡಿ, ನಾಲಿಗೆ ಹೊರಗೆ ಚಾಚಿಕೊಂಡು, ಒಂದು ಬಸ್ಸು ಬಂದು ಹೋಗುವಷ್ಟು ಹೊತ್ತು ತೆಗೆದುಕೊಂಡು, ಹಾಕಿಕೊಂಡಳು. ಜೋಳದ ರೊಟ್ಟಿಯನ್ನು ಅಂಗೈಯಿಂದ ಒತ್ತಿ ಹಿಡಿದು ಮುರಿಯುವುದನ್ನು ಕಲಿತಳು. ಬಿಸಿ ರೊಟ್ಟಿ ಮುರಿಯುವುದು ಸುಲಭವಲ್ಲ, ನೀವಿಬ್ಬರೂ ಇವತ್ತಿಗೂ ನನ್ನಿಂದ ಮುರಿಸಿಕೊಳ್ಳುತ್ತೀರಿ.

ಪ್ರತಿ ಸಲ ನಾನು ಏನು ಮಾಡಿದೆ? ದೃಷ್ಟಿ ತಾಗದಿರಲೆಂದು ಅವಳ ಎರಡೂ ಕಪಾಳ ಸವರಿ ನೆಟಿಗೆ ಮುರಿದೆ. ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ. ಆಮೇಲೆ ಶನಿವಾರ ಹೋಗಿ "ಲೇದಮ್ಮಾ" ಅಂದೆ. ಒಂದು ಸಲ ಹೊಗಳಿ ಅನುಭವಿಸಿದ್ದೇನೆ, ಇನ್ನೊಂದು ಸಲ ಬಾಯಿ ಬಿಟ್ಟರೆ ಆ ಎರಡು ಗುಂಡಿಯೂ ಹೋಗಿಬಿಟ್ಟರೆ ಎಂಬ ಹೆದರಿಕೆ.

ನಾನೊಬ್ಬಳೇ ಅಲ್ಲ. ನಾನಿಯ ಮೊಮ್ಮಗ ವರಾಂಡದಲ್ಲಿ ನಮ್ಮೆಲ್ಲರ ಚಪ್ಪಲಿ ಜೋಡಿ ಜೋಡಿಯಾಗಿ ಇಡುತ್ತಿದ್ದ, ಒಂದೂ ತಪ್ಪುತ್ತಿರಲಿಲ್ಲ. ಟೀಚರಮ್ಮ ಕೇಳಿದರೆ ನಾನಿ ಕೈ ಕೊಡವಿ, "ಅರೆ ಉಸ್ಕೂ ಕುಛ್ ನೈ ಆತಾ" ಅನ್ನುತ್ತಿದ್ದಳು. ಅವನಿಗೆ ಏನೂ ಬರುವುದಿಲ್ಲ ಎಂದು. ಹೊರಗೆ ಬಂದು ನಮಗೆ ಕಣ್ಣು ಹೊಡೆಯುತ್ತಿದ್ದಳು. ಅಮ್ಮಮ್ಮನದೂ ಅದೇ ಕತೆ. ನಮ್ಮ ನಮ್ಮ ದೇವರು ಬೇರೆ, ಭಾಷೆ ಬೇರೆ, ದೃಷ್ಟಿಯ ಹೆದರಿಕೆ ಮಾತ್ರ ಒಂದೇ.

ಹೀಗೆ ಮೂರು ಟರ್ಮ್ ಕಳೆಯಿತು. ಒಂದು ಶುಕ್ರವಾರ ಟೀಚರಮ್ಮ ನನ್ನನ್ನು ಬದಿಗೆ ಕರೆದು ಒಂದು ಕಾಗದ ಕೊಟ್ಟರು. ಅವರ ಮುಖ ಸಣ್ಣಗಾಗಿತ್ತು. ಶಾಲೆಗೆ ಸೇರಲು ಕಾಯುತ್ತಿರುವ ಮಕ್ಕಳು ಬಹಳ, ಜಾಗ ಕಡಿಮೆ. ಮೂರು ಟರ್ಮ್ ಗೆರೆ ಮೇಲೇಳದ ಮಕ್ಕಳನ್ನು ತರಗತಿಯಿಂದ ಹಿಂದಿನ ಕೋಣೆಗೆ ಕಳಿಸುವುದೆಂದು ಕಮಿಟಿಯವರು ತೀರ್ಮಾನಿಸಿದ್ದಾರೆ. ಸೋಮವಾರ ಮನೆಯವರು ಬಂದು ಈ ಕಾಗದಕ್ಕೆ ಒಪ್ಪಿಗೆಯ ಸಹಿ ಹಾಕಬೇಕು.

ಹಿಂದಿನ ಕೋಣೆ ನನಗೆ ಗೊತ್ತಿತ್ತು. ಚಾಪೆ, ಒಂದು ಟಿವಿ, ಒಬ್ಬಳು ಆಯಾ. ಊಟ ತಿನ್ನಿಸಿ, ಬಟ್ಟೆ ಬದಲಿಸಿ, ಮಲಗಿಸುವುದು. ಅಲ್ಲಿ ಯಾರೂ ಯಾರಿಗೂ ಗುಂಡಿ ಕಲಿಸುವುದಿಲ್ಲ. ಅಲ್ಲಿಗೆ ಹೋದ ಮಗು ತರಗತಿಗೆ ಮರಳಿದ್ದನ್ನು ನಾನು ಕಂಡಿರಲಿಲ್ಲ.

ಕಾಗದ ಬಿಡಿಸಿದೆ. ಟೀಚರಮ್ಮನ ಅರ್ಧದಲ್ಲಿ ಅಲ್ಲೊಂದು ಇಲ್ಲೊಂದು ಹಳದಿ. ನನ್ನ ಅರ್ಧ, ಮನೆಯ ಅರ್ಧ, ಮೇಲಿನಿಂದ ಕೆಳಗೆ ಕೆಂಪು. ಒಂದೂ ಬಿಟ್ಟಿರಲಿಲ್ಲ.

ಸಂಜೆ ನಿಮ್ಮ ಅವ್ವ ಓದಿದಳು. ಅಂದು ನಿಮ್ಮ ಅಪ್ಪನೂ ಬೇಗ ಬಂದಿದ್ದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಕಂಪ್ಯೂಟರ್ ಸುಳ್ಳ ಹೇಳ್ತದೇನ್ರಿ ಅತ್ತಿ? ಬರಂಗಿಲ್ಲಂದ್ರ ಬರಂಗಿಲ್ಲ. ಸಹಿ ಹಾಕೂದ" ಎಂದ. ದಣಿದಿದ್ದ. ಮನೆಯಲ್ಲಿ ಹಗಲು ಏನಾಗುತ್ತದೆಂದು ಅವನಿಗೆ ಗೊತ್ತಾಗುವುದಾದರೂ ಹೇಗೆ.

ನಿಮ್ಮ ಅವ್ವ ಮಾತ್ರ ಕಾಗದದಿಂದ ತಲೆ ಎತ್ತಲಿಲ್ಲ. "ಇಲ್ಲಿ ನೀರು ಕೇಳಂಗಿಲ್ಲ ಅಂತ ಐತಿ. ಲೋಟ ಬಡದು ಬಡದು ಕೊಡಾ ತಗ್ಗು ಬಿದ್ದೈತಿ. ಯವ್ವಾ, ಶನಿವಾರ ನೀ ಏನ್ ಹೇಳಾಕತ್ತಿದ್ದಿ?"

ನಾನು ಊಟಕ್ಕೆ ತಾಟು ಇಡತೊಡಗಿದೆ.

"ಯವ್ವಾ."

"ಏನೂ ಬರಂಗಿಲ್ಲ ಅಂತ ಹೇಳಿದೆ."

"ಯಾಕ?"

"ನನ್ನ ಬಾಯಿ ಬ್ಯಾಡ ಅಂತ."

ಆಮೇಲೆ ಅವಳು ಆಡಿದ ಮಾತು ನಾನು ಮರೆತಿಲ್ಲ, ಮರೆಯುವುದೂ ಬೇಡ. "ತೊಟ್ಟಲ ಮುಂದ ಆ ಮುದುಕಿ ಅಂದದ್ದು ಒಂದ ದಿನ. ನೀ ಅದನ್ನ ಏಳು ವರ್ಷ ದಿನಾ ಅನಕೋತ ಬಂದಿ. ಈಗ ನಿನ್ನ ಹೆದರಿಕಿಗೆ ನನ್ನ ಮಗಳು ಚಾಪಿ ಮ್ಯಾಲ ಮಲಗಬೇಕೇನ?"

ನಿಮ್ಮ ಅಪ್ಪ ಎದ್ದು ಹೋಗಿ ಕೊಡದ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿದ.

ಸೋಮವಾರ ಅವಳಿಗೆ ರಜೆ ಸಿಗಲಿಲ್ಲ. "ನಾ ಹೊಕ್ಕೀನಿ" ಅಂದೆ. "ನೀ ಮಾತಾಡ್ತಿಯಾ?" ಎಂದು ಕೇಳಿದಳು.

ಆಫೀಸು ಕೋಣೆಯಲ್ಲಿ ಮೂರು ಕುರ್ಚಿ. ಹೆಡ್ ಮೇಡಂ, ಟೀಚರಮ್ಮ, ನಡುವೆ ಕಮಿಟಿಯ ದೊಡ್ಡ ಮನುಷ್ಯರೊಬ್ಬರು, ನಿವೃತ್ತ ಅಧಿಕಾರಿ, ಇಸ್ತ್ರಿ ಮಾಡಿದ ಸಫಾರಿ. ಕಂಪ್ಯೂಟರ್ ಮುಂದೆ ಮೈಸೂರಿನ ಹುಡುಗಿ. ಅವಳಿಗೆ ಅರ್ಧ ದಿನ ರಜೆ ಹಾಕಿಸಿ ಕರೆಸಿದ್ದರು. ನಿಮ್ಮಕ್ಕ ನನ್ನ ಸೆರಗು ಹಿಡಿದು ಹಿಂದೆ ಅಡಗಿದ್ದಳು. ನನಗೂ ಯಾರದಾದರೂ ಸೆರಗಿನ ಹಿಂದೆ ಅಡಗುವ ಹಾಗಾಗಿತ್ತು.

ದೊಡ್ಡ ಮನುಷ್ಯರು ಕಾಗದ ಮುಂದಿಟ್ಟು, ಪೆನ್ನು ಕೊಟ್ಟು, ಸಹಿ ಹಾಕುವ ಜಾಗ ಬೆರಳಿನಿಂದ ತೋರಿಸಿದರು. ಹೆಬ್ಬೆಟ್ಟಿನ ಶಾಯಿಡಬ್ಬಿಯನ್ನೂ ಪಕ್ಕಕ್ಕೆ ಸರಿಸಿದರು.

ಬಾಯಿ ತೆರೆದೆ. ದನಿ ಬರಲಿಲ್ಲ. ಭಾಷೆ ಬಾರದ್ದಕ್ಕಲ್ಲ, ನನಗೆ ತೆಲುಗು ಗೊತ್ತು, ಹಿಂದಿಯೂ ತಕ್ಕಮಟ್ಟಿಗೆ ಗೊತ್ತು. ಆದರೂ ಬರಲಿಲ್ಲ. ಆಗ ಆ ಶಾಯಿಡಬ್ಬಿ ಕಣ್ಣಿಗೆ ಬಿತ್ತು. ಮಾಸ್ತರರು ನೆನಪಾದರು. ಪೆನ್ನು ತೆಗೆದುಕೊಂಡು, ಸಹಿಯ ಜಾಗ ಬಿಟ್ಟು, ಕೆಂಪು ಚೌಕಗಳ ಮೇಲೆಯೇ, ಶುದ್ಧಬರಹದ ಹಾಗೆ ಬರೆಯತೊಡಗಿದೆ. ಮೊದಲ ಸಾಲು ಮುಗಿಯಿತು. ಎರಡನೆಯದಕ್ಕೆ ಹೋದೆ.

"ಎಷ್ಟು ಉದ್ದದ ಹೆಸರು ಇವಳದು" ಎಂದರು ದೊಡ್ಡ ಮನುಷ್ಯರು ಹಿಂದಿಯಲ್ಲಿ. ನಾನು ಮೂರನೆಯ ಸಾಲಿಗೆ ಹೋದೆ.

ಬರೆದು ಕಾಗದ ತಿರುಗಿಸಿ ಅವರ ಕಡೆ ಸರಿಸಿದೆ. ಅವರು ನೋಡಿದರು, ಮೇಡಂ ನೋಡಿದರು, ಯಾರಿಗೂ ಓದಲು ಬರಲಿಲ್ಲ. ಮೈಸೂರಿನ ಹುಡುಗಿ ಎದ್ದು ಬಂದು ಓದಿದಳು, ಮೊದಲು ಮನಸ್ಸಿನಲ್ಲಿ, ಆಮೇಲೆ ಜೋರಾಗಿ.

"ಈ ಕೆಂಪು ಚೌಕಗಳು ನಿಜವಲ್ಲ. ಇವನ್ನು ಹೇಳಿ ಬರೆಸಿದವಳು ನಾನೇ. ಮಗು ನೀರು ಕೇಳುತ್ತದೆ, ಎರಡು ಗುಂಡಿ ಹಾಕುತ್ತದೆ, ರೊಟ್ಟಿ ಮುರಿದು ಉಣ್ಣುತ್ತದೆ. ತಪ್ಪು ನನ್ನದು, ಶಿಕ್ಷೆ ಮಗುವಿಗೆ ಬೇಡ. ನನ್ನ ಒಪ್ಪಿಗೆ ಇಲ್ಲ."

ಅವಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ದೊಡ್ಡ ಮನುಷ್ಯರ ಮುಖ ಕೆಂಪಾಯಿತು. ಹಿಂದಿಯಲ್ಲಿ ಏನೇನೋ ಅಂದರು. ಹುಡುಗಿ ನನ್ನ ಕಡೆ ತಿರುಗಿ, "ಅಜ್ಜಿ, ಸರ್ ಕೇಳ್ತಿದಾರೆ, ಇಷ್ಟು ದಿನ ಬೇರೆ ಥರ ಯಾಕೆ ಹೇಳಿದ್ರಿ ಅಂತ" ಎಂದಳು.

"ನೀ ಭಾಳ ಚಂದ ಮಾಡಿ ಹೇಳಾಕತ್ತಿ ಮಗಳ" ಅಂದೆ. "ಅವರು ಕೇಳಿದ್ದು, ಮುದುಕಿ ಅವಾಗ ಸುಳ್ಳ ಹೇಳಿದ್ಲಾ, ಈಗ ಸುಳ್ಳ ಹೇಳಾಕತ್ತಾಳಾ ಅಂತ." ಗಂಟಲು ಬಿಟ್ಟಿತ್ತು. ಯಾವಾಗ ಬಿಟ್ಟಿತೋ ನನಗೇ ತಿಳಿಯಲಿಲ್ಲ. "ಅವರಿಗೆ ಹೇಳು, ಅವಾಗ ಹೇಳಿದ್ದು ಸುಳ್ಳು. ದೃಷ್ಟಿ ಆಗ್ತದ ಅಂತ ಹೆದರಿ ಹೇಳಿದ ಸುಳ್ಳು. ಮುಚ್ಚಿಡಾಕ ಏನೂ ಇಲ್ಲ."

ಅವರು ನಗಲಿಲ್ಲ. ಹಾಗಾದರೆ ಮಗು ಈಗ ಇಲ್ಲೇ ಮಾಡಿ ತೋರಿಸಲಿ ಎಂದರು. ಟೀಚರಮ್ಮ ಗುಂಡಿಯಿದ್ದ ಒಂದು ಅಂಗಿ ತಂದು ಕೊಟ್ಟರು. ನಿಮ್ಮಕ್ಕ ಅಂಗಿಯನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. ನನ್ನ ಸೆರಗಿನಲ್ಲಿ ಮುಖ ಒತ್ತಿ ನಿಂತುಬಿಟ್ಟಳು. ನಾನು ಬಗ್ಗಿ ಕರೆದೆ, ಬೇಡಿದೆ. ಊಹೂಂ. ನಾಲ್ಕು ಜನ ಕೂತಲ್ಲಿ ಅವಳದೂ ನನ್ನದೇ ಸ್ವಭಾವ.

ದೊಡ್ಡ ಮನುಷ್ಯರು ಕೈ ಅಗಲಿಸಿದರು. ನೋಡಿದಿರಲ್ಲ ಎಂದು.

"ಸಾಹೇಬರ, ನಾ ಇಲ್ಲಿ ಬಂದು ಸಹಿ ಜಾಗದಾಗ ಸಹಿ ಹಾಕಲಿಲ್ಲ. ಹಂಗಂತ ನನಗ ಅಕ್ಷರ ಬರಂಗಿಲ್ಲೇನು?" ಅಂದೆ. ಇದನ್ನು ಹಿಂದಿಯಲ್ಲೇ ಹೇಳಿದೆ, ನನ್ನ ಮುರುಕು ಹಿಂದಿಯಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆದಿದ್ದೇನೆ. "ಮನೀಗೆ ಬಂದು ನೋಡ್ರಿ. ಮನಿ ಪ್ರಶ್ನೆ ಮನ್ಯಾಗ ಕೇಳ್ರಿ. ನೋಡಿದ ಮ್ಯಾಲೂ ಕೆಂಪ ಅಂದ್ರ ನಾನ ಎತ್ತಿಕೊಂಡು ಹೋಗಿ ಆ ಚಾಪಿ ಮ್ಯಾಲ ಕೂಡಸ್ತೀನಿ."

ಅಷ್ಟರಲ್ಲಿ ಮೈಸೂರಿನ ಹುಡುಗಿ ಕಂಪ್ಯೂಟರಿಗೆ ಮರಳಿ ಟಕಟಕ ಒತ್ತುತ್ತಿದ್ದಳು. ಉತ್ತರ ಕೊಟ್ಟವರು ಯಾರು ಎಂದು ಬರೆದುಕೊಳ್ಳಲು ಅವಳು ಒಂದು ಕಡೆ ಜಾಗ ಇಟ್ಟಿದ್ದಳಂತೆ. ಇಷ್ಟು ದಿನ ಯಾರೂ ಅದನ್ನು ತಿರುಗಿ ನೋಡಿರಲಿಲ್ಲ, ಅವಳೂ. ಈಗ ಅದರ ಪ್ರಕಾರ ಮಕ್ಕಳನ್ನು ಬೇರೆ ಬೇರೆ ಮಾಡಿ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ತಾಯಿಯೋ ತಂದೆಯೋ ಉತ್ತರ ಕೊಟ್ಟ ಮಕ್ಕಳ ಗೆರೆ ಸ್ವಲ್ಪ ಸ್ವಲ್ಪವಾದರೂ ಏರುತ್ತಿತ್ತು. ಅಜ್ಜಿಯರು ಉತ್ತರ ಕೊಟ್ಟ ಮಕ್ಕಳದೆಲ್ಲ ನೆಲಕ್ಕೆ ಅಂಟಿದ ಗೆರೆ. ಎಲ್ಲ. ಒಂದೂ ಮೇಲೆದ್ದಿರಲಿಲ್ಲ.

"ಇಷ್ಟೂ ಮಕ್ಕಳು ಒಟ್ಟಿಗೆ ಹೀಗೆ ನಿಂತುಬಿಡೋಕೆ ಸಾಧ್ಯ ಇಲ್ಲ ಮೇಡಂ" ಎಂದಳು ಹುಡುಗಿ. "ನಾನೇ ತಪ್ಪು ಪ್ರಶ್ನೆ ಕೇಳಿದೀನಿ."

ಹೆಡ್ ಮೇಡಂ ಪರದೆಯ ಗೆರೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಕಾಗದ ತೆಗೆದುಕೊಂಡು, ಈ ಟರ್ಮ್ ಮುಗಿಯುವವರೆಗೆ ಯಾವ ಮಗುವೂ ತರಗತಿ ಬಿಡುವುದಿಲ್ಲ, ಟೀಚರ್ ಮನೆಮನೆಗೆ ಹೋಗಿ ನೋಡಿ ಬರಲಿ ಎಂದರು. ದೊಡ್ಡ ಮನುಷ್ಯರು, ಟರ್ಮ್ ಮುಗಿದ ದಿನ ನಾನೇ ಬಂದು ನೋಡುತ್ತೇನೆ ಎಂದು ಎದ್ದು ಹೋದರು.

ವರಾಂಡಕ್ಕೆ ಬಂದು ಕೂತೆ. ಹುಡುಗಿ ನೀರು ತಂದುಕೊಟ್ಟು ಪಕ್ಕ ಕೂತಳು. "ಅಜ್ಜಿ, ಹೇಗೆ ಕೇಳಿದ್ರೆ ಇವರೆಲ್ಲ ನಿಜ ಹೇಳ್ತಾರೆ?"

ನಾನು ನಾನಿಯ ಕಡೆ ನೋಡಿದೆ. ನಾವು ಮುದುಕಿಯರು ದಿನವಿಡೀ ಏನು ಮಾತಾಡುತ್ತೇವೆಂದು ನೆನೆಸಿಕೊಂಡೆ. ಮೊಮ್ಮಕ್ಕಳ ಹೊಗಳಿಕೆ ನಮ್ಮ ಬಾಯಿಂದ ಬರುವುದಿಲ್ಲ. ನಮ್ಮ ದೂರು ಎಷ್ಟು ಬೇಕಾದರೂ ಬರುತ್ತದೆ.

"ಕೂಸು ಏನ್ ಮಾಡ್ತದ ಅಂತ ಕೇಳಬ್ಯಾಡ" ಅಂದೆ. "ಈ ವಾರ ನೀವು ಏನ್ ಮಾಡೂದು ಬಿಟ್ಟೀರಿ ಅಂತ ಕೇಳು."

ಅವಳು ಅಲ್ಲೇ ನಾನಿಯನ್ನು ಹಾಗೆ ಕೇಳಿದಳು. ನಾನಿ ತಕ್ಷಣ ಶುರು ಮಾಡಿದಳು. ನನ್ನ ಕೈಗೆ ಕೆಲಸವೇ ಇಲ್ಲ ಬೇಟಿ, ಚಪ್ಪಲಿ ಹಾಕುವುದು ಬಿಟ್ಟೆ, ಹಲ್ಲುಜ್ಜಿಸುವುದು ಬಿಟ್ಟೆ, ಮುಟ್ಟಿದರೆ ಕೈ ತಳ್ಳುತ್ತಾನೆ, ಈ ಮುದುಕಿ ಇನ್ನು ಯಾರಿಗೂ ಬೇಡ ಎಂದು. ಅಮ್ಮಮ್ಮ ಎಲೆ ಉಗುಳಿ ಬಂದು, ನನ್ನದೂ ಅದೇ ಗತಿ ಎಂದು ಬೆರಳು ಮಡಚಿ ಎಣಿಸತೊಡಗಿದಳು. ಟೀಚರಮ್ಮ ಬಾಗಿಲಲ್ಲಿ ನಿಂತು ಬಾಯಿ ತೆರೆದು ಕೇಳುತ್ತಿದ್ದರು. ಮುಂದಿನ ಶನಿವಾರದ ಹೊತ್ತಿಗೆ ಮನೆಯ ಅರ್ಧದ ಮೇಲೆ ಆ ಹೊಸ ಪ್ರಶ್ನೆ ಬಂದಿತ್ತು.

ನನ್ನ ಸರದಿ ಬಂದಾಗ ಟೀಚರಮ್ಮ ನನ್ನನ್ನೂ ಅದೇ ಕೇಳಿದರು. ಏನು ಮಾಡುವುದು ಬಿಟ್ಟಿರಿ? ಅದು ಉಳಿದವರಿಗೆ ಒಳ್ಳೆಯ ದಾರಿ. ನಾನೇ ತೋರಿಸಿದ ದಾರಿ. ಆದರೆ ನಾನು ಆ ದಾರಿ ಹಿಡಿಯಲಿಲ್ಲ. ನನ್ನ ಬಾಯಿಗೆ ಅಂಟಿಸಿದ ಕೊಳೆಯನ್ನು ನಾನೇ ತೊಳೆಯಬೇಕಿತ್ತು. "ಹಾಗೆ ಕೇಳಬೇಡಿ. ಅವಳು ಏನು ಮಾಡುತ್ತಾಳೆಂದು ಕೇಳಿ, ಹೇಳುತ್ತೇನೆ" ಅಂದೆ. ಒಂದೊಂದಾಗಿ ಹೇಳಿದೆ. ಮನೆಗೆ ಬಂದು ಉಪ್ಪು ಮೆಣಸಿನಕಾಯಿ ಡಬ್ಬಿಯ ಕಡೆ ಕೈ ಹೋಯಿತು, ವಾಪಸು ತೆಗೆದುಕೊಂಡೆ. ಮರುದಿನ ಬೆಳಿಗ್ಗೆ ಎದ್ದವಳೇ ಅವಳನ್ನೇ ನೋಡುತ್ತಾ ಕೂತೆ. ಲೋಟ ತೆಗೆದುಕೊಂಡಳು. ಟಣ್ ಟಣ್.

ಟೀಚರಮ್ಮ ಒಂದು ಭಾನುವಾರ ನಮ್ಮ ಮನೆಗೆ ಬಂದರು. ನಿಮ್ಮಕ್ಕ ಮೊದಲು ಮಂಚದ ಕೆಳಗೆ ಹೋದಳು. ನಾವು ಅವಳನ್ನು ಕರೆಯಲಿಲ್ಲ, ರೊಟ್ಟಿ ಬಡಿಯುತ್ತಾ ಮಾತಾಡುತ್ತಾ ಇದ್ದೆವು. ವಾಸನೆಗೆ ತಾನೇ ಬಂದು ಕೂತಳು, ಅಂಗೈ ಒತ್ತಿ ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ ತಿಂದಳು. ಟೀಚರಮ್ಮ ತಮ್ಮ ಕಾಗದ ತೆಗೆದು ನೋಡಿ ತಲೆ ಕೆರೆದುಕೊಂಡರು. ಅಲ್ಲಿದ್ದ ಪ್ರಶ್ನೆ, ಚಮಚದಿಂದ ಊಟ ಮಾಡುತ್ತದೆಯೇ ಎಂದು. ನಮ್ಮ ಮನೆಯಲ್ಲಿ ಚಮಚದಿಂದ ಉಣ್ಣುವವರು ಯಾರೂ ಇಲ್ಲ. "ಅದು ಕೆಂಪೇ ಇರಲಿ" ಅಂದೆ. "ರೊಟ್ಟಿಗೆ ಬೇರೆ ಚೌಕ ಮಾಡಿಸಿ." ಮಾಡಿಸಿದರು.

ಟರ್ಮ್ ಮುಗಿದ ದಿನ ದೊಡ್ಡ ಮನುಷ್ಯರು ಹೇಳಿದಂತೆ ಬಂದರು. ಹೊಸ ಕಾಗದ ಮುಂದಿಟ್ಟರು. ನಾಲ್ಕು ಹಸಿರು, ಕೆಲವು ಹಳದಿ, ಉಳಿದದ್ದು ಇನ್ನೂ ಕೆಂಪು. ಆ ಕೆಂಪು ನಿಜವಾದ ಕೆಂಪು, ಅದರ ಬಗ್ಗೆ ನನಗೆ ತಕರಾರಿಲ್ಲ. ಗೆರೆ ಮೇಲೆದ್ದಿತ್ತು. ಅವರು ಟೀಚರಮ್ಮನ ಮನೆಭೇಟಿಯ ಬರಹವನ್ನು ಎರಡು ಸಲ ಓದಿ, ಪೆನ್ನು ನನ್ನ ಕಡೆ ಚಾಚಿ, "ಈ ಸಲ ಸಹಿಯೋ, ಪತ್ರವೋ?" ಎಂದು ಕೇಳಿದರು. ಶಾಯಿಡಬ್ಬಿ ಮೇಜಿನ ಮೇಲಿರಲಿಲ್ಲ. ತರಗತಿಯಲ್ಲೇ ಮುಂದುವರಿಸುವ ಆ ಕಾಗದಕ್ಕೆ ನಾನು ಸಹಿಯ ಜಾಗದಲ್ಲೇ ಸಹಿ ಹಾಕಿದೆ. ಹಳೆಯ ಕಾಗದ ನನಗೆ ಬೇಕೆಂದು ಕೇಳಿ ಪಡೆದೆ. ನಿಮ್ಮಕ್ಕ ತರಗತಿಯಲ್ಲಿ ಉಳಿದಳು, ದೊಡ್ಡವಳಾಗಿ ಹೊರಗೆ ಬರುವವರೆಗೂ ಉಳಿದಳು. ಇವತ್ತು ಅಪ್ಪನ ಅಂಗಡಿಯಲ್ಲಿ ಅವಳು ಮಡಚಿಟ್ಟ ಅಂಗಿಯನ್ನು ಬೇರೆ ಯಾರೂ ಮತ್ತೆ ಮಡಚುವುದಿಲ್ಲವೆಂದು ನಿಮಗೇ ಗೊತ್ತು. ಮಾತು ಬರಲಿಲ್ಲ, ಬರುವುದೂ ಇಲ್ಲ. ಅದನ್ನೂ ಯಾರೂ ನನ್ನ ತಲೆಗೆ ಕಟ್ಟಬೇಡಿ. ನಾನಂತೂ ಇನ್ನು ಕಟ್ಟಿಕೊಳ್ಳುವುದಿಲ್ಲ.

ಆ ತೊಟ್ಟಿಲ ಹೆಂಗಸು ಈಗಿಲ್ಲ. ಇದ್ದಿದ್ದರೆ ಈ ಕಾಗದ ಅವಳಿಗೂ ಓದಿ ಹೇಳುತ್ತಿದ್ದೆ. ನೀವು ಓದುತ್ತಿರುವಾಗ ನಿಮ್ಮಕ್ಕ ಹತ್ತಿರವೇ ಕೂತಿರುತ್ತಾಳೆ, ಒಂದು ಸಲ ತಲೆ ಎತ್ತಿ ಅವಳ ಮುಖ ನೋಡಿ. ಅಂದು ನನ್ನನ್ನು ಗೋಡೆಗೆ ಕಳಿಸಿದ ಮಾತನ್ನೇ ಇಲ್ಲಿ ದುಂಡಗೆ ಬರೆಯುತ್ತಿದ್ದೇನೆ, ನೆಟಿಗೆ ಮುರಿಯದೆ, ಉಪ್ಪು ಇಳಿಸದೆ: ಭಾಳ ಲಕ್ಷಣ ಐತಿ ಕೂಸು.